ಕಣ್ಣಿಲ್ಲದವನ ಮನೆಯಲ್ಲಿ ಮೂಕ ಪೆಟ್ಟಿಗೆ

ಕಳೆದ ವಾರ ನಮ್ಮ ಕಚೇರಿಗೆ ಹಿರಿಯರೊಬ್ಬರು ಬಂದಿದ್ದರು. ನೂಲಿನ ಗಿರಣಿಯಲ್ಲಿ ಮೂವತ್ತು ವರುಷ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಕಳೆದುಕೊಂಡವರು. ಮೊಮ್ಮಗಳ ಭುಜ ಹಿಡಿದು ಮೆಟ್ಟಿಲು ಹತ್ತಿ ಬಂದು, ಅಂಗಿಯ ಜೇಬಿನಿಂದ ಟಿ.ವಿ.ಯ ರಿಮೋಟನ್ನು ತೆಗೆದು ನಮ್ಮ ಮೇಜಿನ ಮೇಲೆ ಇಟ್ಟರು. “ಸಂಪಾದಕರೇ, ಕಣ್ಣು ಮುಚ್ಚಿಕೊಂಡು ಇದರಲ್ಲಿ ಚಂದನ ವಾಹಿನಿ ಹಚ್ಚುವ ಗುಂಡಿ ಯಾವುದು ತೋರಿಸಿರಿ ನೋಡೋಣ” ಎಂದರು. ನಾವು ಕಣ್ಣು ಮುಚ್ಚಿದೆವು, ತಡಕಿದೆವು, ಸೋತೆವು. ಹಳೆಯ ರಿಮೋಟುಗಳಲ್ಲಿ ಅಂಕಿಗಳ ಸಾಲಿತ್ತು. ೫ರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತು. ಆ ಉಬ್ಬನ್ನು ಹಿಡಿದರೆ ಉಳಿದ ಅಂಕಿಗಳೆಲ್ಲ ಬೆರಳಿಗೆ ತಾವಾಗಿಯೇ ಸಿಗುತ್ತಿದ್ದವು. ಈ ಹೊಸ ರಿಮೋಟಿನಲ್ಲಿ ಅಂಕಿಗಳೇ ಇಲ್ಲ. ಒಂದು ನುಣ್ಣನೆಯ ಬಳೆ, ಅದರ ಸುತ್ತ ಒಂದೇ ಆಕಾರದ ಐದಾರು ಗುಂಡಿ, ಅಷ್ಟೆ.

ಅವರು ಅಂಗಡಿಗೆ ಹೋದಾಗ ಕೇಳಿದ್ದು ಒಂದೇ ಮಾತು: “ಮಾತಾಡುವ ಟಿ.ವಿ. ಇದೆಯೇ?” ಅಂಗಡಿಯ ಹುಡುಗ “ಇದೆ ಅಜ್ಜಾರೇ, ಇದು ಮಾತಾಡುವುದೇ” ಎಂದ. ಹನ್ನೆರಡು ಕಂತಿನ ಸಾಲದ ಮೇಲೆ ಕೊಂಡರು. ಮನೆಗೆ ತಂದು ನೋಡಿದರೆ ಅದು ನಾವು ಆಡಿದ್ದನ್ನು ಕೇಳುವ ಟಿ.ವಿ.; ತಾನು ತೋರಿಸುವುದನ್ನು ಹೇಳುವ ಟಿ.ವಿ. ಅಲ್ಲ. ಗುಂಡಿ ಒತ್ತಿ ಹಾಡು ಹಾಕೆಂದರೆ ಹಾಕುತ್ತದೆ. ಆದರೆ ತೆರೆಯ ಮೇಲೆ ಏನೋ ಒಂದು ಪ್ರಶ್ನೆ ಬರೆದು ಉತ್ತರಕ್ಕಾಗಿ ಕಾಯುತ್ತ ನಿಂತಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ, ಆ ಹಿರಿಯರ ಪಾಲಿಗೆ ಅಂದಿನ ಟಿ.ವಿ. ಮುಗಿದಂತೆಯೇ. ಕಿವಿ ಇದೆ, ಬಾಯಿ ಇಲ್ಲ. ಹುಡುಗ ಸುಳ್ಳು ಹೇಳಿದನೆಂದು ನಾವು ಹೇಳುವುದಿಲ್ಲ. ಈ ಎರಡರ ವ್ಯತ್ಯಾಸವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಕಣ್ಣಿಲ್ಲದವರಿಗೆ ಟಿ.ವಿ. ಏತಕ್ಕೆ, ರೇಡಿಯೋ ಸಾಲದೇ ಎಂದು ಕೇಳುವ ಜಾಣರಿದ್ದಾರೆ. ಮನೆಮಂದಿಯೆಲ್ಲ ಕೂಡಿ ಕುಳಿತು ಕೇಳುವ ವಾರ್ತೆ, ಕ್ರಿಕೆಟ್ಟು, ಚುನಾವಣೆಯ ಎಣಿಕೆ, ಸೊಸೆಯಂದಿರು ಚರ್ಚಿಸುವ ಧಾರಾವಾಹಿ, ಇವುಗಳಿಂದ ಒಬ್ಬನನ್ನು ಮಾತ್ರ ಎಬ್ಬಿಸಿ ಮೂಲೆಯಲ್ಲಿ ರೇಡಿಯೋದ ಪಕ್ಕಕ್ಕೆ ಕೂರಿಸುವುದು ಯಾವ ನ್ಯಾಯ? ಅಲ್ಲದೆ ಟಿ.ವಿ. ಕೊಳ್ಳುವಾಗ ಅವರು ಬೆಲೆಯನ್ನು ಅರ್ಧ ಕೊಡುವುದಿಲ್ಲ. ನೂರಕ್ಕೆ ಹದಿನೆಂಟರ ಜಿ.ಎಸ್.ಟಿ.ಯನ್ನು ಕಣ್ಣಿದ್ದವರಷ್ಟೇ ತೆರುತ್ತಾರೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಈ ಕಷ್ಟ ತಾನಾಗಿ ಬಂದದ್ದಲ್ಲ, ಕಾನೂನು ತಂದದ್ದು. ಮೊದಲು ಕೇಬಲ್ಲಿನ ತಂತಿ ನೇರ ಟಿ.ವಿ.ಗೆ ಸೇರುತ್ತಿತ್ತು. ಏಳನೆಯ ಅಂಕಿಯಲ್ಲಿ ಉದಯ, ಹನ್ನೊಂದರಲ್ಲಿ ಚಂದನ ಎಂದು ಬಾಯಿಪಾಠ ಮಾಡಿಕೊಂಡು ಅಂಧರು ಸುಖವಾಗಿಯೇ ಇದ್ದರು. ೨೦೧೧ರಲ್ಲಿ ಕೇಬಲ್ ಕಾಯಿದೆಗೆ ತಿದ್ದುಪಡಿ ಬಂತು: ಇನ್ನು ಮುಂದೆ ಸೆಟ್‌ಟಾಪ್ ಪೆಟ್ಟಿಗೆ ಇಲ್ಲದೆ ಟಿ.ವಿ. ಇಲ್ಲ. ೨೦೧೨ರಲ್ಲಿ ಮಹಾನಗರಗಳಿಂದ ಆರಂಭವಾಯಿತು. ೨೦೧೩ರ ಮಾರ್ಚ್ ೩೧ರ ಗಡುವಿನ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು ಸೇರಿ ೩೮ ನಗರಗಳಿದ್ದವು. ಆಮೇಲಿನ ನಾಲ್ಕು ವರುಷಗಳಲ್ಲಿ ನಮ್ಮಂಥ ಊರುಗಳ ಸರದಿ ಬಂತು. ಬಡವ ಬಲ್ಲಿದ, ಕಣ್ಣಿದ್ದವ ಇಲ್ಲದವ ಎನ್ನದೆ ಎಲ್ಲರೂ ಪೆಟ್ಟಿಗೆ ಕೊಂಡರು. ಅದರ ಪಟ್ಟಿ, ಅದರ ಸೂಚನೆ, “ನಿಮ್ಮ ಚಂದಾ ಮುಗಿದಿದೆ” ಎಂಬ ಎಚ್ಚರಿಕೆ, ಎಲ್ಲವೂ ತೆರೆಯ ಮೇಲಿನ ಅಕ್ಷರ. ಕೇಬಲ್ ಕಂಪನಿ ಒಂದು ರಾತ್ರಿ ವಾಹಿನಿಗಳ ಅಂಕಿ ಬದಲಿಸಿದರೆ, ಬೆಳಿಗ್ಗೆ ಎದ್ದ ಅಂಧನಿಗೆ ತನ್ನ ಮನೆಯೇ ಪರಸ್ಥಳ.

ಅದೇ ೨೦೧೧ರ ಜನಗಣತಿಯಲ್ಲಿ ಈ ದೇಶದಲ್ಲಿ ದೃಷ್ಟಿದೋಷವುಳ್ಳವರು ೫೦ ಲಕ್ಷಕ್ಕೂ ಮೇಲೆಂದು ಎಣಿಸಿದ್ದರು. ಕರ್ನಾಟಕದಲ್ಲಿ ಸುಮಾರು ೨ ಲಕ್ಷ ೬೪ ಸಾವಿರ. ಒಂದು ಕಚೇರಿಯಲ್ಲಿ ತಲೆ ಎಣಿಸಿದರು, ಇನ್ನೊಂದು ಕಚೇರಿಯಲ್ಲಿ ಅವರನ್ನು ಮರೆತು ಕಾಯಿದೆ ಬರೆದರು. ಪ್ರತಿ ಮನೆಯೂ ಪೆಟ್ಟಿಗೆ ಕೊಳ್ಳಬೇಕೆಂದು ಆಜ್ಞೆ ಮಾಡಬಲ್ಲ ಸರಕಾರ, ಆ ಪೆಟ್ಟಿಗೆ ಮಾತಾಡಬೇಕೆಂದು ಅದೇ ಉಸಿರಿನಲ್ಲಿ ಆಜ್ಞೆ ಮಾಡಲಾರದೆ ಹೋಯಿತೇ?

ಬೇರೆ ಕಡೆ ಮಾಡಿದ್ದಾರೆ. ಬ್ರಿಟನ್ನಿನಲ್ಲಿ ೨೦೦೮ರಿಂದ ೨೦೧೨ರ ತನಕ ಹಳೆಯ ಪ್ರಸಾರ ನಿಲ್ಲಿಸಿ ಡಿಜಿಟಲ್ ತಂದಾಗ, ೭೫ ವರುಷ ದಾಟಿದವರಿಗೂ ಅಂಧರೆಂದು ನೋಂದಾಯಿಸಿಕೊಂಡವರಿಗೂ ನೆರವಿನ ಯೋಜನೆ ಇತ್ತು: ಮನೆಗೆ ಬಂದು ಪೆಟ್ಟಿಗೆ ಜೋಡಿಸಿ, ಬಳಸುವ ಬಗೆಯನ್ನು ತೋರಿಸಿಕೊಟ್ಟು ಹೋಗುತ್ತಿದ್ದರು. ಅಮೆರಿಕೆಯಲ್ಲಿ ೨೦೧೦ರಲ್ಲಿ ಕಾಯಿದೆಯಾಯಿತು. ಅದರ ಕೆಳಗಿನ ನಿಯಮದಂತೆ ೨೦೧೬ರ ಡಿಸೆಂಬರ್ ೨೦ರಿಂದ, ಅಂಧ ಗಿರಾಕಿ ಕೇಳಿದರೆ ತೆರೆಯ ಮೇಲಿನ ಪಟ್ಟಿಯನ್ನು ಓದಿ ಹೇಳುವ ಪೆಟ್ಟಿಗೆಯನ್ನು ದೊಡ್ಡ ಕೇಬಲ್ ಕಂಪನಿಗಳು ಕೊಡಲೇಬೇಕು. ಚಿಕ್ಕ ಕಂಪನಿಗಳಿಗೆ ಇನ್ನೆರಡು ವರುಷದ ಅವಧಿ ಸಿಕ್ಕಿತು. ಅಲ್ಲಿಯ ಬಂಡವಾಳಗಾರರ ಎದೆಯಲ್ಲಿ ದಿಢೀರನೆ ಕರುಣೆ ಉಕ್ಕಿತೆಂದು ಯಾರೂ ತಿಳಿಯಬೇಕಾಗಿಲ್ಲ. ಕಾನೂನು ಬಂತು, ಗಡುವು ಬಂತು, ಪೆಟ್ಟಿಗೆಗೂ ಬಾಯಿ ಬಂತು.

ನಮ್ಮ ಓದುಗರು ಇದನ್ನು ಮನಸ್ಸಿಟ್ಟು ಕೇಳಬೇಕು: ಆ ಬಾಯಿ ನಮ್ಮ ಪೇಟೆಯ ಎಷ್ಟೋ ಸೆಟ್ಟುಗಳಲ್ಲಿ ಈಗಾಗಲೇ ಇದೆ. ಗೂಗಲ್ಲಿನ ತಂತ್ರದ ಮೇಲೆ ನಡೆಯುವ ಸೆಟ್ಟುಗಳಲ್ಲಿ ಅದನ್ನು ಟಾಕ್‌ಬ್ಯಾಕ್ ಎನ್ನುತ್ತಾರೆ. ಅಮೆಜಾನಿನ ಫೈರ್ ಟಿ.ವಿ.ಯಲ್ಲಿ ವಾಯ್ಸ್‌ವ್ಯೂ, ಸ್ಯಾಮ್‌ಸಂಗಿನಲ್ಲಿ ವಾಯ್ಸ್ ಗೈಡ್. ಅದನ್ನು ಎಬ್ಬಿಸಿದರೆ, ಬಳೆಯ ಗುಂಡಿಯನ್ನು ಒಂದೊಂದು ಸಲ ಒತ್ತಿದ ಹಾಗೆಲ್ಲ ತೆರೆಯ ಮೇಲೆ ಯಾವ ಹೆಸರಿನ ಮೇಲಿದ್ದೇವೆಂದು ಗಟ್ಟಿಯಾಗಿ ಓದುತ್ತದೆ. ಇದಕ್ಕೆ ಬೇರೆ ಯಂತ್ರ ಬೇಡ, ಬೇರೆ ಹಣ ಬೇಡ. ಗೂಗಲ್ಲಿನ ದನಿಗೆ ಕನ್ನಡವೂ ಬರುತ್ತದೆ. ಎಲ್ಲ ಕಂಪನಿಗಳ ದನಿಗೂ ಬರುವುದಿಲ್ಲ. ಹಾಗಾದರೆ ಕೊರತೆ ಎಲ್ಲಿ? ಹಲವು ಸೆಟ್ಟುಗಳಲ್ಲಿ ಈ ಬಾಯಿಯ ಬೀಗ, ಪಟ್ಟಿಯೊಳಗಿನ ಪಟ್ಟಿಯೊಳಗೆ ಎಲ್ಲೋ ಹುದುಗಿದೆ. ಕಣ್ಣಿಲ್ಲದವನು ಅದನ್ನು ತೆರೆಯಬೇಕಾದರೆ ಮೊದಲು ಕಣ್ಣಿರಬೇಕು! ಫೈರ್ ಟಿ.ವಿ.ಯಲ್ಲಿ ಮಾತ್ರ ಹಿಂದಕ್ಕೆ ಹೋಗುವ ಗುಂಡಿ, ಮೂರು ಗೆರೆಯ ಗುಂಡಿ ಎರಡನ್ನೂ ಕೂಡಿ ಎರಡು ಸೆಕೆಂಡು ಒತ್ತಿ ಹಿಡಿದರೆ ಮಾತು ಆರಂಭವಾಗುತ್ತದೆ. ಇಷ್ಟು ಸುಲಭದ್ದು ಎಲ್ಲ ಸೆಟ್ಟಿಗೂ ಆಗಬಾರದೇ? ಇನ್ನು ಕೇಬಲ್ಲಿನ ಅಗ್ಗದ ಪೆಟ್ಟಿಗೆಗಳ ಮಾತು ಬೇರೆ. ನಮ್ಮ ಓಣಿಯಲ್ಲಿ ನಾವು ಹಚ್ಚಿ ನೋಡಿದವುಗಳಲ್ಲಿ ಒಂದೂ ತುಟಿ ಬಿಚ್ಚಲಿಲ್ಲ.

ಇದೆಲ್ಲ ಆ ಹಿರಿಯರಿಗೆ ಯಾರು ಹೇಳಬೇಕು? ಮೂಲ ಪ್ರಶ್ನೆ ಇದು. ಅಂಗಡಿಗೆ ಯಾವ ಕಂಪನಿ ಈ ತಿಂಗಳು ಹೆಚ್ಚು ಕಮಿಷನ್ ಕೊಡುತ್ತದೋ ಆ ಕಂಪನಿಯ ಸೆಟ್ಟು ಒಳ್ಳೆಯದಾಗುತ್ತದೆ. ಮೊಬೈಲಿನಲ್ಲಿ ಬಂದು ಬುದ್ಧಿ ಹೇಳುವವರಲ್ಲಿ ಸೆಟ್ಟನ್ನು ಪುಕ್ಕಟೆ ಪಡೆದು ಹೊಗಳುವವರು ಕಡಿಮೆಯಿಲ್ಲ. ಅವರು ಬಣ್ಣ ಹೇಗಿದೆ, ಅಂಚು ಎಷ್ಟು ತೆಳುವಾಗಿದೆ ಎನ್ನುತ್ತಾರೆ. ಕಣ್ಣಿಲ್ಲದವನಿಗೆ ಆ ಅಂಚು ತೆಗೆದುಕೊಂಡು ಏನಾಗಬೇಕು?

ನೂರೈವತ್ತು ವರುಷಗಳ ಹಿಂದೆ ಲಂಡನ್ನಿನಲ್ಲಿ ಇಂಥದೇ ಒಂದು ಗೊಂದಲವಿತ್ತು. ಅಂಧರು ಬೆರಳಿನಿಂದ ಓದುವುದಕ್ಕೆ ಹಲವು ಬಗೆಯ ಉಬ್ಬುಲಿಪಿಗಳು ಚಾಲ್ತಿಯಲ್ಲಿದ್ದವು. ಒಬ್ಬೊಬ್ಬರದು ಒಂದೊಂದು, ತಂತಮ್ಮದೇ ಶ್ರೇಷ್ಠವೆಂದು ವಾದಿಸುವವರಲ್ಲಿ ಬಹು ಮಂದಿ ಕಣ್ಣಿದ್ದವರು. ಥಾಮಸ್ ರೋಡ್ಸ್ ಆರ್ಮಿಟೇಜ್ ಎಂಬ ವೈದ್ಯ, ತನ್ನ ದೃಷ್ಟಿ ಕೆಟ್ಟ ಮೇಲೆ, ೧೮೬೮ರಲ್ಲಿ ಕೆಲವು ಅಂಧ ಗೆಳೆಯರನ್ನು ಕೂಡಿಸಿ ಒಂದು ಸಮಿತಿ ಮಾಡಿದ. ಸಮಿತಿ ಸೇರುವವರಿಗೆ ಅವನು ಹಾಕಿದ ನಿಯಮ ಬಂಗಾರದಂಥದು: ಬೆರಳಿನಿಂದಲೇ ಓದಬೇಕಾದ ಸ್ಥಿತಿ ಅವರದಾಗಿರಬೇಕು, ಕಡಿಮೆಯೆಂದರೆ ಮೂರು ಲಿಪಿಗಳನ್ನು ಬಲ್ಲವರಾಗಿರಬೇಕು, ಯಾವ ಲಿಪಿಯಲ್ಲೂ ಅವರಿಗೆ ಹಣದ ಹಿತ ಇರಕೂಡದು. ಆ ಸಮಿತಿ ಎಲ್ಲವನ್ನೂ ಬೆರಳಾಡಿಸಿ ತೂಗಿ ಬ್ರೈಲ್ ಲಿಪಿಯನ್ನು ಆರಿಸಿತು. ಅದೇ ಬೆಳೆದು ಇಂದಿನ ಆರ್.ಎನ್.ಐ.ಬಿ. ಎಂಬ ಸಂಸ್ಥೆಯಾಗಿದೆ. ೨೦೧೦ರಲ್ಲಿ ಬ್ರಿಟನ್ನಿನ ಪೇಟೆಗೆ ಮಾತಾಡುವ ಪೆಟ್ಟಿಗೆಯೊಂದು ಬಂದಾಗ ಅದರ ತಯಾರಿಕೆಯ ಹಿಂದೆಯೂ ಈ ಸಂಸ್ಥೆ ಇತ್ತು. ಅಮೆರಿಕೆಯ ಅಂಧರ ಪ್ರತಿಷ್ಠಾನವು ೨೦೦೦ದಿಂದ ‘ಆಕ್ಸೆಸ್‌ವರ್ಲ್ಡ್’ ಎಂಬ ಪತ್ರಿಕೆಯ ಮೂಲಕ ಇಂಥ ಸಾಮಾನುಗಳ ಪರೀಕ್ಷೆಯನ್ನು ಪ್ರಕಟಿಸಿತು.

ಬಳಸುವವನು ತಾನೇ ಬಳಸಿ ನೋಡಬೇಕು, ಮಾರಾಟದಲ್ಲಿ ಅವನಿಗೆ ಪಾಲಿರಬಾರದು. ಗಿರಣಿಯ ಸೂಲಗಿತ್ತಿಗೂ ತಿಳಿಯುವ ಈ ನ್ಯಾಯ ಕನ್ನಡನಾಡಿನಲ್ಲಿ ಇನ್ನೂ ಕಚೇರಿಗಳ ತಲೆಗೆ ಹೋಗಿಲ್ಲ. ಕಿವಿಯಿಂದ ಮೊಬೈಲು, ಗಣಕಯಂತ್ರ ನಡೆಸುವ ಅಂಧ ಶಿಕ್ಷಕರು, ಬ್ಯಾಂಕಿನ ನೌಕರರು ನಮ್ಮಲ್ಲಿ ಇಲ್ಲವೇ? ಜಿಲ್ಲೆಗೆ ಮೂವರಂತೆ ಅವರನ್ನು ಕೂಡಿಸಿ, ಭತ್ಯೆ ಕೊಟ್ಟು, ಪೇಟೆಗೆ ಬಂದ ಪ್ರತಿ ಸೆಟ್ಟನ್ನೂ ಅವರ ಕೈಗೆ ಕೊಟ್ಟು, ಅವರು ಕಂಡುಕೊಂಡದ್ದನ್ನು ಕನ್ನಡದಲ್ಲಿ ಅಚ್ಚು ಹಾಕಿ, ಧ್ವನಿಯಲ್ಲೂ ಹಂಚಲು ರಾಜ್ಯ ಸರಕಾರಕ್ಕೆ ಎಷ್ಟು ಖರ್ಚಾದೀತು? ಮಂತ್ರಿಗಳ ಒಂದು ಉದ್ಘಾಟನೆಯ ಹೂವಿನ ಖರ್ಚಿಗೆ ಹೋಲಿಸಿ ನೋಡಲಿ.

ಕಾಗದದ ಮೇಲೆ ನಮ್ಮಲ್ಲಿ ಏನೂ ಕೊರತೆಯಿಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೪೨ನೆಯ ಕಲಮು ದಿನಬಳಕೆಯ ಇಲೆಕ್ಟ್ರಾನಿಕ್ ಸಾಮಾನುಗಳು ಎಲ್ಲರೂ ಬಳಸಬಲ್ಲ ರಚನೆಯಲ್ಲಿ ಸಿಗುವಂತೆ ಮಾಡಬೇಕೆನ್ನುತ್ತದೆ. ದೃಶ್ಯವನ್ನು ಬಾಯಿಮಾತಿನಲ್ಲಿ ವಿವರಿಸುವ ಏರ್ಪಾಡನ್ನೂ ಹೆಸರಿಸುತ್ತದೆ. ೨೦೧೯ರಲ್ಲಿ ವಾರ್ತಾ ಇಲಾಖೆ ಟಿ.ವಿ. ಕಾರ್ಯಕ್ರಮಗಳಿಗೆ ಮಾನದಂಡ ಹೊರಡಿಸಿತು. ಅದು ಕಿವಿ ಕೇಳದವರಿಗೆ ಮಾತ್ರ. ಅವರಿಗೆ ಸಿಕ್ಕಿದ್ದು ಸರಿಯೇ. ಅಂಧರನ್ನು ಬಿಟ್ಟದ್ದು ಸರಿಯಲ್ಲ. ಅಂಧರಾದ ರಾಜೀವ್ ರತುರಿಯವರು ಸಾರ್ವಜನಿಕ ಸ್ಥಳ, ಸೌಕರ್ಯಗಳೆಲ್ಲ ಅಂಧರಿಗೂ ಎಟುಕಬೇಕೆಂದು ೨೦೦೫ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ೨೦೨೪ರ ನವೆಂಬರ್ ೮ರಂದು, ಕೇಂದ್ರದ ನಿಯಮಗಳಲ್ಲಿ ಬರಿಯ ಸಲಹೆಗಳಿವೆ, ಕಡ್ಡಾಯವಿಲ್ಲ ಎಂದು ಹೇಳಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರಚಿಸಿರೆಂದು ಆಜ್ಞೆ ಮಾಡಿತು. ಭಾರತೀಯ ಮಾನಕ ಸಂಸ್ಥೆ ೨೦೨೧ರಲ್ಲೇ ಐ.ಎಸ್. ೧೭೮೦೨ ಎಂಬ ಮಾನಕವನ್ನು ಬರೆದಿಟ್ಟಿದೆ. ಟಿ.ವಿ.ಯಿಂದ ಮನೆಯವರಿಗೆ ಶಾಕು ಹೊಡೆಯದಿರಲೆಂದು ೨೦೧೨ರ ಆದೇಶದಿಂದ ಅದೇ ಸಂಸ್ಥೆಯ ನೋಂದಣಿ ಕಡ್ಡಾಯವಾಗಿದೆ. ವಿದ್ಯುತ್ತು ಎಷ್ಟು ತಿನ್ನುತ್ತದೆಂದು ನಕ್ಷತ್ರದ ಚೀಟಿ ಅಂಟಿಸುತ್ತಾರೆ. ಮಾತಾಡುತ್ತದೆಯೋ ಇಲ್ಲವೋ, ಯಾವ ಭಾಷೆಯಲ್ಲಿ ಎಂದು ಇನ್ನೊಂದು ಚೀಟಿ ಅಂಟಿಸಿದರೆ ಗೋಂದು ತೀರಿಹೋಗುತ್ತದೆಯೇ?

ಸರಕಾರ ತನ್ನ ಮನೆಯಿಂದಲೇ ಆರಂಭಿಸಬಹುದು. ೨೦೦೪ರಿಂದ ನಡೆದಿರುವ ದೂರದರ್ಶನದ ಉಚಿತ ಡಿಶ್ ಬಡವರ ಡಿಶ್. ೨೦೨೩ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲ ೨,೫೩೯ ಕೋಟಿ ರೂಪಾಯಿಯ ಪ್ರಸಾರ ಯೋಜನೆಗೆ ಒಪ್ಪಿಗೆ ಕೊಟ್ಟಾಗ, ಗಡಿನಾಡು, ಗುಡ್ಡಗಾಡಿನ ಜನರಿಗೆ ೮ ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಪುಕ್ಕಟೆ ಹಂಚುವುದೆಂದು ಅದರಲ್ಲಿ ಸೇರಿತ್ತು. ಜನರ ಹಣದಿಂದ ಕೊಳ್ಳುವ ಆ ಪೆಟ್ಟಿಗೆಗಳಲ್ಲಿ ಮಾತಾಡುವುವು ಎಷ್ಟು? ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಈ ಒಂದು ಪ್ರಶ್ನೆಯನ್ನು ಕೇಳಿ ಉತ್ತರ ತರಲಿ. ನಾವು ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು. ಮನೆಬಾಗಿಲಿಗೆ ಡಬ್ಬಿ ಎಸೆದುಹೋಗುವ ದೊಡ್ಡ ಕಂಪನಿಗಳಿಂದ ನಿಮ್ಮ ವ್ಯಾಪಾರ ಕುಸಿದಿರುವುದನ್ನು ನಾವು ಬಲ್ಲೆವು. ಆ ಕಂಪನಿಗಳು ಮಾಡಲಾರದ ಕೆಲಸವೊಂದು ನಿಮ್ಮ ಕೈಯಲ್ಲಿದೆ. ಅಂಗಡಿಯಲ್ಲಿ ಒಂದು ಸೆಟ್ಟನ್ನು ಮಾತು ಹಚ್ಚಿಯೇ ಇಡಿರಿ. ಕಣ್ಣಿಲ್ಲದ ಗಿರಾಕಿ ಬಂದರೆ ಕುರ್ಚಿ ಕೊಟ್ಟು, ರಿಮೋಟು ಕೈಗಿತ್ತು, ಹತ್ತು ನಿಮಿಷ ಬಿಟ್ಟುಬಿಡಿರಿ. ಕೊಳ್ಳುವವರು ಕೂಡ ಹಣ ಎಣಿಸುವ ಮೊದಲು ಅಲ್ಲೇ ಪರೀಕ್ಷೆ ಮಾಡಬೇಕು: ಬೇರೆಯವರ ಸಹಾಯವಿಲ್ಲದೆ ಮಾತನ್ನು ಹಚ್ಚಲು, ನಿಲ್ಲಿಸಲು ಬರುತ್ತದೆಯೇ, ವಾಹಿನಿಯ ಹೆಸರನ್ನೂ ಧ್ವನಿಯ ಮಟ್ಟವನ್ನೂ ಹೇಳುತ್ತದೆಯೇ, ಮೊದಲ ಪುಟದಲ್ಲಿ ಮಾತಾಡಿ ಒಳಗೆ ಹೋದೊಡನೆ ಮೂಕವಾಗುತ್ತದೆಯೇ, ಕನ್ನಡ ಇದೆಯೇ. ಕೇಬಲ್ ಪೆಟ್ಟಿಗೆಯನ್ನು ಜೋಡಿಸಿದರೆ ಟಿ.ವಿ.ಯ ಮಾತು ಪೆಟ್ಟಿಗೆಯ ಪಟ್ಟಿಯನ್ನು ಓದುವುದಿಲ್ಲ ಎಂಬುದೂ ನೆನಪಿರಲಿ. ಅಂಗಡಿಯವರು ಕೊಟ್ಟ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಮೋಸವಾದರೆ ೧೯೧೫ಕ್ಕೆ ಫೋನು ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ೫ ಲಕ್ಷ ರೂಪಾಯಿ ತನಕದ ಖರೀದಿಯ ದೂರಿಗೆ ಶುಲ್ಕವಿಲ್ಲ.

ನಮ್ಮ ಹಿರಿಯರ ಬಿಲ್ಲನ್ನು ತೆಗೆಸಿ ನೋಡಿದೆವು. ಸೆಟ್ಟಿನ ಅಳತೆ ಇದೆ, ಬೆಲೆ ಇದೆ, ತೆರಿಗೆ ಇದೆ, ಕಂತಿನ ಲೆಕ್ಕ ಇದೆ. ಹುಡುಗ ಬಾಯಿಂದ ಹೇಳಿದ ಮಾತು ಮಾತ್ರ ಇಲ್ಲ. ಆದರೂ ಅಂಗಡಿಯ ಯಜಮಾನರನ್ನು ಕಂಡು ಮಾತಾಡಿದ್ದೇವೆ. ಬರುವ ಸೋಮವಾರ ಬೇರೆ ಎರಡು ಸೆಟ್ಟುಗಳನ್ನು ಹಿರಿಯರ ಕೈಗೆ ಕೊಟ್ಟು ಪರೀಕ್ಷೆ ಮಾಡಿಸಿ, ಒಪ್ಪಿಗೆಯಾದದ್ದಕ್ಕೆ ಬದಲಾಯಿಸಿ ಕೊಡುವುದಾಗಿ ಅವರು ಹೇಳಿದ್ದಾರೆ. ಮೊಮ್ಮಗಳ ಜೊತೆ ನಾವೂ ಹೋಗುತ್ತೇವೆ. ಅಲ್ಲಿ ಏನಾಯಿತೆಂಬುದನ್ನು ಮುಂದಿನ ವಾರ ಬರೆಯುತ್ತೇವೆ.