ದಾರಿ ತಪ್ಪಿದವರು ಯಾರು?

ಬಸವ ಜಯಂತಿಗೆ ಇನ್ನು ಮೂರೇ ದಿನ ಉಳಿದಿತ್ತು. ಅಂದಿನ ಸಭೆಯಲ್ಲಿ ‘ದಯೆ’ ಎಂಬ ವಿಷಯವಾಗಿ ನಾವು ಎರಡು ಮಾತು ಆಡಬೇಕೆಂದು ಓಣಿಯ ಹಿರಿಯರು ಅಪ್ಪಣೆ ಮಾಡಿದ್ದರು. ನಮ್ಮ ಎರಡು ಮಾತೆಂದರೆ ಮುಕ್ಕಾಲು ಗಂಟೆ ಎಂಬುದು ಈ ಅಂಕಣದ ವಾಚಕರಿಗೆ ಹೊಸ ಸಂಗತಿಯೇನಲ್ಲ. ಧಾರವಾಡದ ವೈಶಾಖದ ಬೆಳಗು. ಲಿಂಗಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಪಡಸಾಲೆಯಲ್ಲಿ ಕುಳಿತು ಭಾಷಣದ ಮೊದಲ ವಾಕ್ಯವನ್ನು ಏಳನೆಯ ಸಲ ತಿದ್ದುತ್ತಿದ್ದೆವು. ಆಗ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಏದುಸಿರು ಬಿಡುತ್ತ ಓಡಿಬಂದ.

“ಅಜ್ಜಾ, ಹಿತ್ತಲದಾಗ ಒಂದು ಹಕ್ಕಿಮರಿ ದಾರಿ ತಪ್ಪಿ ಬಂದೈತಿ!”

ಭಾಷಣಕ್ಕೆ ದೃಷ್ಟಾಂತವೊಂದು ತಾನಾಗಿ ನಡೆದು ಬಂದಿತಲ್ಲ ಎಂದು ನಾವು ಹಿಗ್ಗಿ ಎದ್ದೆವು.

ದಾಸವಾಳ ಗಿಡದ ಬುಡದಲ್ಲಿ ಮರಿ ಕುಳಿತಿತ್ತು. ನಿಂಬೆಯ ಹಣ್ಣಿಗಿಂತ ತುಸು ದೊಡ್ಡದು. ಮೈತುಂಬ ಗರಿ ಬಂದಿದ್ದರೂ ಬಾಲ ಮಾತ್ರ ಮೊಂಡು. ಸಾಲ ಕೊಟ್ಟವನು ಸಾಲಗಾರನನ್ನು ನೋಡುವಂತೆ ಅದು ನಮ್ಮನ್ನೇ ದಿಟ್ಟಿಸುತ್ತಿತ್ತು. ಹೆಗಲ ಮೇಲಿನ ವಲ್ಲಿಯನ್ನು ಬಲೆಯಂತೆ ಹಿಡಿದು ನಾವು ಮುಂದೆ ಬಾಗಿದೆವು. ಮರಿ ಕುಪ್ಪಳಿಸಿ ಮಲ್ಲಿಗೆಯ ಕುಂಡದ ಹಿಂದೆ ಹೋಯಿತು. ನಾವು ಕುಂಡವನ್ನು ಸುತ್ತಿದೆವು. ಅದು ಪತ್ರೆಯ ಗಿಡದ ಕಟ್ಟೆಯತ್ತ ಹೊರಟಿತು. ಮೂರನೆಯ ಯತ್ನದಲ್ಲಿ, ಒಗೆದುಟ್ಟ ಧೋತರವನ್ನು ಕೆಸರಿಗೆ ಒಪ್ಪಿಸಿ, ಅದನ್ನು ಹಿಡಿದೇ ಬಿಟ್ಟೆವು.

ಹಿಡಿದ ಕ್ಷಣವೇ ಎಲ್ಲಿಂದಲೋ ಎರಡು ಹಕ್ಕಿಗಳು ಬಂದವು. ಕಪ್ಪು ತಲೆ, ಪುಟ್ಟ ಜುಟ್ಟು, ಬಾಲದ ಬುಡದಲ್ಲಿ ಕುಂಕುಮವಿಟ್ಟಂತೆ ಕೆಂಪು. ಎರಡೂ ಸೇರಿ ನಮ್ಮನ್ನು ಬೈದ ಬೈಗುಳ ಯಾವ ನಿಘಂಟಿನಲ್ಲಿಯೂ ದೊರೆಯಲಾರದು. ಒಂದಂತೂ ನಮ್ಮ ಬೋಳುತಲೆಯನ್ನು ಸವರಿಕೊಂಡೇ ಹಾರಿತು. ಬಡಪಾಯಿ ಮರಿಯನ್ನು ಕೊಲ್ಲಲು ಶತ್ರುಗಳು ಬಂದಿದ್ದಾರೆಂದು ಬಗೆದು, ನಮ್ಮ ದಯೆ ಇಮ್ಮಡಿಸಿ, ನಾವು ಮರಿಯನ್ನು ಎದೆಗವಚಿಕೊಂಡು ಒಳಗೆ ಓಡಿದೆವು.

ಬೂಟಿನ ಡಬ್ಬಿಯಲ್ಲಿ ಅರಳೆ ಹಾಸಿ ಮರಿಯನ್ನು ಕೂರಿಸಿದ್ದಾಯಿತು. ಸುದ್ದಿ ತಿಳಿದು ನೆರೆಹೊರೆಯವರು ನೆರೆದರು. ಒಬ್ಬರು ಜೋಳದ ನುಚ್ಚು ತಿನ್ನಿಸಿರಿ ಎಂದರು. ಇನ್ನೊಬ್ಬರು ತಮ್ಮ ಅಟ್ಟದ ಮೇಲಿದ್ದ ಹಳೆಯ ಪಂಜರವನ್ನು ತರಲು ಹೊರಟೇಬಿಟ್ಟರು. ಎದುರುಮನೆಯ ತಾಯಿಯೊಬ್ಬರು ಕೆನ್ನೆಗೆ ಕೈಹಚ್ಚಿ, “ಮುಟ್ಟೇಬಿಟ್ರಿ? ಮನಷಾರು ಮುಟ್ಟಿದ ಮರೀನ್ನ ಅದರ ತಾಯಿ ಹತ್ತಿರ ಸೇರಸೂದಿಲ್ರಿ” ಎಂದು ಮರುಗಿದರು.

ಮೂಲೆಯಲ್ಲಿ ಕುಳಿತಿದ್ದ ನಮ್ಮ ತಾಯಿಯವರಿಗೆ ಈಗ ಎಂಬತ್ತಾರು ವರುಷ. ಕಿವಿ ಮಂದವೆಂದು ಮನೆಯವರೆಲ್ಲ ನಂಬಿದ್ದಾರೆ. ಅವರು ತಲೆಯೆತ್ತಿ, “ಹಕ್ಕಿಗೂ ಮೈಲಿಗಿ ಹಚ್ಚಿದ್ರೇನವಾ? ಬಸವಣ್ಣ ಅದನ್ನ ತಗದು ಎಂಟುನೂರು ವರ್ಷ ಮ್ಯಾಲಾತು” ಎಂದರು. ಸಭೆ ನಗೆಯಲ್ಲಿ ಮುಳುಗಿತು. ನಮ್ಮ ಮುಕ್ಕಾಲು ಗಂಟೆಯ ಭಾಷಣಕ್ಕಿಂತ ಈ ಒಂದು ಮಾತೇ ತೂಕವುಳ್ಳದ್ದೆಂದು ಒಳಗೊಳಗೇ ಒಪ್ಪಿಕೊಂಡೆವು.

ಅಷ್ಟರಲ್ಲಿ ನಮ್ಮ ಮನೆಯವರು ಬೆಚ್ಚಗಿನ ಹಾಲನ್ನೂ ಅರಳೆಯ ಬತ್ತಿಯನ್ನೂ ತಂದರು. ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮರಿಯ ಕೊಕ್ಕಿನತ್ತ ಒಯ್ಯುವಷ್ಟರಲ್ಲಿ ಬಾಗಿಲಲ್ಲಿ ಧ್ವನಿಯೊಂದು ಕೇಳಿತು: “ತಡೀರಿ, ತಡೀರಿ!”

ಜೀವಶಾಸ್ತ್ರ ಬೋಧಿಸಿ ನಿವೃತ್ತರಾದ, ನಮ್ಮ ಓಣಿಯ ಮಾಸ್ತರರು. ೧೯೪೧ರಲ್ಲಿ ಮೊದಲು ಪ್ರಕಟವಾದ ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪುಸ್ತಕದ ನಂತರದ ಮುದ್ರಣವೊಂದನ್ನು ಅವರು ಮಕ್ಕಳಂತೆ ಜೋಪಾನ ಮಾಡಿದ್ದಾರೆ. ಡಬ್ಬಿಯೊಳಗೆ ಇಣುಕಿ ಅವರು ನಕ್ಕರು.

“ಇದು ಬುಲ್‌ಬುಲ್ ಮರಿ. ಕನ್ನಡದಾಗ ಪಿಕಳಾರ ಅಂತಾರ. ಇದು ದಾರಿ ತಪ್ಪಿಲ್ರಿ, ಸಾಲಿಗೆ ಹೊಂಟೈತಿ. ನಿಮ್ಮ ತಲೀಗೆ ಕುಕ್ಕಾಕ ಬಂದವಲ್ಲ, ಅವು ಇದರ ತಾಯಿ-ತಂದಿ!”

ಅವರು ವಿವರಿಸಿದ ಸಂಗತಿಗಳನ್ನು ವಾಚಕರೂ ಮನದಲ್ಲಿಟ್ಟುಕೊಳ್ಳುವುದು ಲೇಸು. ಈ ಹಕ್ಕಿ ಪೊದೆಗಳಲ್ಲಿ, ಆಳೆತ್ತರದ ಗಿಡಗಳಲ್ಲಿ ಬಟ್ಟಲಿನಂಥ ಗೂಡು ಕಟ್ಟಿ ೨-೩ ಮೊಟ್ಟೆಯಿಡುತ್ತದೆ. ಸುಮಾರು ೧೪ ದಿನ ಕಾವು. ಮರಿ ಹೊರಬಂದ ಮೇಲೆ ಎರಡು ವಾರ ತುಂಬುವುದರೊಳಗಾಗಿ, ಚೆನ್ನಾಗಿ ಹಾರಲು ಬರುವ ಮೊದಲೇ, ಗೂಡು ಬಿಡುತ್ತದೆ. ಮುಂದಿನ ಪಾಠವೆಲ್ಲ ನೆಲದ ಮೇಲೆ, ತಗ್ಗಿನ ರೆಂಬೆಗಳ ಮೇಲೆ. ಆ ದಿನಗಳಲ್ಲಿ ತಂದೆತಾಯಿಗಳು ಹತ್ತಿರದಲ್ಲಿಯೇ ಇದ್ದು, ಕರೆಯುತ್ತ, ಉಣಿಸುತ್ತ, ಹಾರಲು ಕಲಿಸುತ್ತವೆ. ನಾವು ನಿಂತಿರುವವರೆಗೆ ಅವು ಕೆಳಗಿಳಿಯುವುದಿಲ್ಲ. ನಾವೋ, ಅವು ಬರಲಿಲ್ಲವೆಂದು ಮರಿಯನ್ನು ಅನಾಥವೆನ್ನುತ್ತೇವೆ.

ಗರಿ ಮೂಡದ, ಕಣ್ಣು ತೆರೆಯದ ಮರಿ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಅದರ ಗೂಡಿನಲ್ಲಿಯೇ ಇಡಬೇಕು. ಮನುಷ್ಯರ ಕೈ ಸೋಂಕಿದ ಮಾತ್ರಕ್ಕೆ ಹಕ್ಕಿಗಳು ಮರಿಯನ್ನು ತೊರೆಯುವುದಿಲ್ಲ. ಗರಿ ಬಂದು ಕುಪ್ಪಳಿಸುವ ಮರಿಯನ್ನು ಇದ್ದಲ್ಲಿಯೇ ಬಿಡಬೇಕು. ಬೆಕ್ಕು, ನಾಯಿ, ವಾಹನಗಳ ಭಯವಿದ್ದರೆ ಹತ್ತಿರದ ಪೊದೆಯ ಮೇಲೆ ಕೂರಿಸಿದರೆ ಸಾಕು. ಗಾಯಗೊಂಡಿದ್ದರೆ ಮಾತ್ರ ಪಶುವೈದ್ಯರಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಬೇಕು. ಇಂಥ ಹಕ್ಕಿಗಳನ್ನು ಪಂಜರದಲ್ಲಿಡುವುದಂತೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಈ ಮಾತು ಕಿವಿಗೆ ಬಿದ್ದೊಡನೆ ಪಂಜರ ಹಿಡಿದು ಬಂದವರು ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು.

“ಅದೆಲ್ಲ ಸರಿ, ಹಾಲು ಹಾಕಿದರೇನಾಗ್ತಿತ್ತ್ರಿ?” ಎಂದು ನಾವು ಕೇಳಿದೆವು.

“ಹಕ್ಕಿ ಮೊಲೆಹಾಲು ಕುಡಿಯೋ ಜಾತಿ ಅಲ್ರಿ, ಅದಕ್ಕ ಹಾಲು ದಕ್ಕೂದಿಲ್ಲ. ಅದಕ್ಕಿಂತ ಹೆಚ್ಚಿಂದು, ಅದರ ಉಸಿರಿನ ನಳಿಗಿ ಬಾಯಿ ನಾಲಗಿ ಬುಡದಾಗ ಇರತೈತಿ. ನಾವು ಹನಿಸಿದ್ದು ಸೀದಾ ಅಲ್ಲೇ ಹೋಗತೈತಿ. ಉಸಿರು ಕಟ್ಟಿ ಸಾಯತೈತಿ.”

ನಾವು ಹಾಲಿನ ಬಟ್ಟಲನ್ನು ಕೆಳಗಿಟ್ಟೆವು. ನಗೆ ಅಲ್ಲಿಗೆ ನಿಂತಿತು.

ನಮ್ಮ ಮಗ ಎಂಟು ವರುಷದವನಿದ್ದಾಗ ಹೀಗೆಯೇ ಒಂದು ಗುಬ್ಬಿಮರಿಯನ್ನು ತಂದಿದ್ದ. ಇದೇ ರೀತಿ ಬೂಟಿನ ಡಬ್ಬಿ, ಇದೇ ಅರಳೆ, ಇದೇ ಬೆಚ್ಚಗಿನ ಹಾಲು. ಬತ್ತಿ ಹಿಡಿದು ಹನಿಸಿದ ಕೈ ನಮ್ಮದೇ. ಬೆಳಗಾಗುವಷ್ಟರಲ್ಲಿ ಮರಿ ಸೆಟೆದು ಬಿದ್ದಿತ್ತು. ಹುಡುಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. “ಅದರ ಆಯುಷ್ಯ ಅಷ್ಟ ಇತ್ತಪಾ, ಶಿವನಿಚ್ಛೆ” ಎಂದು ನಾವು ತಿಳಿಯಹೇಳಿದ್ದೆವು. ಇಷ್ಟು ವರುಷ ನಾವೂ ಅದನ್ನೇ ನಂಬಿದ್ದೆವು. ನಮ್ಮ ಅಜ್ಞಾನಕ್ಕೆ ಶಿವನ ಹೆಸರನ್ನಿಟ್ಟು ಹಾಯಾಗಿದ್ದೆವೆಂಬುದು ಅಂದು ಅರಿವಾಯಿತು.

ಮರಿಯನ್ನು ದಾಸವಾಳದ ರೆಂಬೆಯ ಮೇಲೆ ಕೂರಿಸಿ, ಎಲ್ಲರೂ ಒಳಗೆ ಬಂದು ಕಿಟಕಿಯ ಹಿಂದೆ ಉಸಿರು ಬಿಗಿಹಿಡಿದು ನಿಂತೆವು. ಹತ್ತು ನಿಮಿಷವೂ ಕಳೆದಿರಲಿಕ್ಕಿಲ್ಲ. ತಾಯಿಯೋ ತಂದೆಯೋ, ಕೊಕ್ಕಿನಲ್ಲಿ ಹಸಿರು ಹುಳುವೊಂದನ್ನು ಹಿಡಿದು ಬಂದಿಳಿಯಿತು. ಮರಿ ಬಾಯ್ದೆರೆಯಿತು. ಮೊಮ್ಮಗ ಚಪ್ಪಾಳೆ ತಟ್ಟಹೋದಾಗ ನಮ್ಮ ತಾಯಿಯವರು ಅವನ ಕೈ ಹಿಡಿದುಕೊಂಡರು. ಮುಂಜಾವಿನಿಂದ ಮುಸ್ಸಂಜೆಯವರೆಗೆ ಆ ಎರಡು ಜೀವಗಳು ಪಟ್ಟ ಶ್ರಮವನ್ನು ಎರಡು ದಿನ ಕಣ್ಣಾರೆ ಕಂಡೆವು. ಕಾಯಕವೆಂದರೇನು, ದಾಸೋಹವೆಂದರೇನು ಎಂದು ಹುಡುಗನಿಗೆ ಬೇರೆ ಹೇಳಬೇಕಾಗಲಿಲ್ಲ.

ಆ ಎರಡು ದಿನವೂ ನಮ್ಮ ಮನೆಯ ಬೆಕ್ಕನ್ನು ಅಡುಗೆಮನೆಯಲ್ಲಿ ಕೂಡಿಹಾಕಲಾಗಿತ್ತು. ಅದರ ಪ್ರತಿಭಟನೆ ಓಣಿಗೆಲ್ಲ ಕೇಳಿಸಿತು. ಮೂರನೆಯ ದಿನ ಮರಿ ಬೇಲಿಯ ಆಚೆಯ ಮಾವಿನ ಮರಕ್ಕೆ ಹಾರಿತು. ಬೆಕ್ಕು ಹೊರಬಂದು, ದಾಸವಾಳದ ಬುಡವನ್ನು ಮೂಸಿ, ನಮ್ಮತ್ತ ಒಮ್ಮೆ ನೋಡಿ ಹೋಯಿತು. ಆ ನೋಟವನ್ನು ನಾವಿನ್ನೂ ಮರೆತಿಲ್ಲ.

ಬಸವ ಜಯಂತಿಯಂದು ನಾವು ಐದೇ ನಿಮಿಷ ಮಾತನಾಡಿದೆವು. ಸಭಿಕರು ಬೆರಗಾದರು, ಕೆಲವರು ನಮ್ಮ ಆರೋಗ್ಯವನ್ನೂ ವಿಚಾರಿಸಿದರು. ಹೇಳಿದ್ದು ಇಷ್ಟೇ: ದಯೆ ಹೃದಯದಲ್ಲಿ ಹುಟ್ಟುತ್ತದೆ, ಆದರೆ ಕೈಗೆ ಇಳಿಯುವ ಮುನ್ನ ಅರಿವನ್ನು ಒಂದು ಮಾತು ಕೇಳಿಕೊಂಡು ಬರಬೇಕು. ಅರಿವಿಲ್ಲದ ದಯೆ ಒಮ್ಮೊಮ್ಮೆ ಬೆಕ್ಕಿಗಿಂತ ಅಪಾಯಕಾರಿ; ಬೆಕ್ಕಿನಿಂದ ತಪ್ಪಿಸಿಕೊಳ್ಳಬೇಕೆಂಬುದು ಮರಿಗೆ ಗೊತ್ತು, ನಮ್ಮಿಂದ ತಪ್ಪಿಸಿಕೊಳ್ಳಬೇಕೆಂಬುದು ಗೊತ್ತಿಲ್ಲ.

ಅಂದು ರಾತ್ರಿ ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡಿ ಹಳೆಯ ಗುಬ್ಬಿಮರಿಯ ವಿಷಯ ತೆಗೆದೆವು. ಅದು ಆಯುಷ್ಯ ತೀರಿ ಸತ್ತದ್ದಲ್ಲ, ತಪ್ಪು ನಮ್ಮದು ಎಂದೆವು. ಅವನು ಮರೆತಿರಬಹುದೆಂದುಕೊಂಡಿದ್ದೆವು. ತುಸು ಹೊತ್ತು ಸುಮ್ಮನಿದ್ದು ಅವನೆಂದ: “ನಾನು ಗಟ್ಟಿಯಾಗಿ ಹಿಡದಿದ್ದಕ್ಕ ಸತ್ತಿರಬೇಕು ಅಂತ ತಿಳಕೊಂಡಿದ್ದೆ, ಅಪ್ಪಾ.”

ಇಷ್ಟು ವರುಷ ಆ ಪುಟ್ಟ ಭಾರವನ್ನು ಅವನೊಬ್ಬನೇ ಹೊತ್ತಿದ್ದ. ಹಕ್ಕಿಮರಿಯೇನೋ ಎರಡು ದಿನಗಳಲ್ಲಿ ತನ್ನ ದಾರಿ ಹಿಡಿದು ಹೋಯಿತು. ನಾವು ನಮ್ಮ ದಾರಿಗೆ ಬರಲು ಇಷ್ಟು ಕಾಲ ಹಿಡಿಯಿತು.