ಸಹರಿಯ ಹೊತ್ತಿಗೆ ಕರೆಂಟು ಹೋದರೆ

ರಾತ್ರಿ ಮೂರೂವರೆಗೆ ಸಹರಿಗೆಂದು ಎದ್ದಿದ್ದೀರಿ. ಕರೆಂಟಿಲ್ಲ. ಒಳಕೋಣೆಯಲ್ಲಿ ಅತ್ತೆಯವರಿಗೆ ಉಬ್ಬಸ ಏರಿದೆ, ನೆಬ್ಯುಲೈಜರ್ ಹಾಕಲೇಬೇಕು. ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಸಂಜೆಯಿಂದ ಮೂರು ಫ್ಯಾನ್ ಓಡಿ ಅದರ ಬ್ಯಾಟರಿ ಮುಗಿದಿದೆ. ಇಂತಹ ರಾತ್ರಿ ಬಾರದಿರಲೆಂದು ದುಆ ಮಾಡೋಣ. ಜೊತೆಗೆ ಸ್ವಲ್ಪ ಲೆಕ್ಕವನ್ನೂ ಮಾಡೋಣ.

ಇನ್ವರ್ಟರ್ ಕೊಳ್ಳಲು ಸಾಮಾನ್ಯವಾಗಿ ಗಂಡಸರೇ ಹೋಗುತ್ತಾರೆ. ಆದರೆ ಯಾವ ಹೊತ್ತಿಗೆ ಯಾವ ಸ್ವಿಚ್ ಹಾಕುತ್ತೇವೆಂದು ಗೊತ್ತಿರುವುದು ನಮಗೆ. ಆದ್ದರಿಂದ ಚೀಟಿ ಬರೆಯಬೇಕಾದವರು ನೀವೇ. ಹಳೆಯ ಮಾದರಿಯ ಸೀಲಿಂಗ್ ಫ್ಯಾನಿಗೆ ಸುಮಾರು 75 ವ್ಯಾಟ್, ಎಲ್‌ಇಡಿ ಬಲ್ಬಿಗೆ 9, ನೆಬ್ಯುಲೈಜರಿಗೆ 150ರಷ್ಟು ಹಿಡಿಯಿರಿ. ಮೂರು ಫ್ಯಾನ್, ಐದು ಬಲ್ಬ್, ನೆಬ್ಯುಲೈಜರ್ ಸೇರಿದರೆ 420 ವ್ಯಾಟ್. ಇನ್ವರ್ಟರಿನ ಮೇಲೆ ಬರೆದಿರುವುದು ವ್ಯಾಟ್ ಅಲ್ಲ, ವಿಎ. ಅದರ ಮುಕ್ಕಾಲು ಪಾಲು ಮಾತ್ರ ನಿಮಗೆ ಸಿಗುತ್ತದೆಂದು ತಿಳಿಯಿರಿ. ಈ ಮನೆಗೆ 900 ವಿಎ ಸಾಕು. ಅಂಗಡಿಯವರು ಇನ್ನೂ ದೊಡ್ಡದನ್ನು ತೋರಿಸಿಯೇ ತೋರಿಸುತ್ತಾರೆ!

750 ವ್ಯಾಟಿನ ಮಿಕ್ಸಿಯನ್ನು ಇದಕ್ಕೆ ಹಾಕಬೇಡಿ, ಮಸಾಲೆಯನ್ನು ರಾತ್ರಿಯೇ ಅರೆದಿಡಿ. ಇಸ್ತ್ರಿಪೆಟ್ಟಿಗೆ, ಗೀಸರ್ ಮಾತಂತೂ ಬೇಡ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ.

ನಿಜವಾಗಿ ಗಮನ ಕೊಡಬೇಕಾದದ್ದು ಬ್ಯಾಟರಿಗೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆ ಇದೆ. ನಷ್ಟ ಕಳೆದು 1200 ಕೈಗೆ ಬಂತೆನ್ನಿ. ಮೇಲಿನ 420 ವ್ಯಾಟ್ ಒಟ್ಟಿಗೇ ಓಡಿದರೆ ಮೂರು ಗಂಟೆಯೂ ಬಾರದು. ಅತ್ತೆಯವರ ಕೋಣೆಯ ಒಂದು ಫ್ಯಾನ್, ಒಂದು ಬಲ್ಬ್ ಮಾತ್ರ ಇದ್ದರೆ, ನಡುವೆ ಕಾಲು ಗಂಟೆ ನೆಬ್ಯುಲೈಜರ್ ಹಾಕಿದರೂ ಬೆಳಗಿನವರೆಗೆ ಚಿಂತೆಯಿಲ್ಲ. 30 ವ್ಯಾಟ್‌ನಷ್ಟೇ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಇನ್ನೂ ಒಳ್ಳೆಯದು. ಎರಡನೆಯ ಬ್ಯಾಟರಿಗಿಂತ ಅದು ಅಗ್ಗ.

ಸ್ಕ್ವೇರ್ ವೇವ್ ಇನ್ವರ್ಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲಿ ಫ್ಯಾನ್ ಗುಂಯ್‌ಗುಡುತ್ತದೆ, ಮೋಟಾರ್ ಬಿಸಿಯಾಗುತ್ತದೆ. ರೋಗಿಗಳಿರುವ ಮನೆಗೆ ಸೈನ್ ವೇವನ್ನೇ ಕೇಳಿ. ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸುವವರಿದ್ದರೆ ಇನ್ವರ್ಟರನ್ನೇ ನಂಬಿ ಕೂರಬೇಡಿ. 5 ಲೀಟರಿನದು ಬಿಡುವಿಲ್ಲದೆ ಸುಮಾರು 350 ವ್ಯಾಟ್ ಎಳೆಯುತ್ತದೆ. ವೈದ್ಯರನ್ನು ಕೇಳಿ ತುಂಬಿದ ಸಿಲಿಂಡರ್ ಒಂದನ್ನು ಮನೆಯಲ್ಲಿಡಿ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿಯ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ಚಾರ್ಜಾಗುವಾಗ ಬೆಂಕಿ ಹಿಡಿಯುವ ಅನಿಲ ಹೊರಬರುವುದರಿಂದ ಗಾಳಿಯಾಡುವಲ್ಲಿಡಿ. ಒಲೆಯ ಪಕ್ಕ, ಮಂಚದ ಕೆಳಗೆ ಸಲ್ಲದು.

ಇನ್ನೊಂದು ಮಾತು. ಅನೇಕ ಮನೆಗಳಲ್ಲಿ ಎಲೆಕ್ಟ್ರಿಷಿಯನ್ ಫ್ಯಾನ್, ಲೈಟಿಗಷ್ಟೇ ಇನ್ವರ್ಟರ್ ಲೈನ್ ಎಳೆದಿರುತ್ತಾರೆ, ಮಂಚದ ಪಕ್ಕದ ಪ್ಲಗ್ಗಿಗೆ ಅದು ಬಂದಿರುವುದೇ ಇಲ್ಲ. ಕೆಲಸ ಮುಗಿದ ದಿನವೇ ಮೈನ್ ಸ್ವಿಚ್ ಆರಿಸಿ, ನೆಬ್ಯುಲೈಜರನ್ನು ಅದೇ ಪ್ಲಗ್ಗಿಗೆ ಹಾಕಿ ಓಡಿಸಿ ನೋಡಿ. ಆಮೇಲೆ ಹಣ ಕೊಡಿ.