ವಿಮಾನ ನಿಲ್ದಾಣದ ಸುತ್ತಲಿನ ಕಟ್ಟಡಗಳು: ಎತ್ತರದಷ್ಟೇ ಗೋಡೆಯ ದಿಕ್ಕೂ ಮುಖ್ಯ

ವಿಮಾನ ನಿಲ್ದಾಣದ ಸಮೀಪ ಕಟ್ಟಡ ನಿರ್ಮಿಸಲು ನಿರಾಕ್ಷೇಪಣಾ ಪತ್ರ ಕೋರುವ ಅರ್ಜಿದಾರರಲ್ಲಿ ಅನೇಕರು, ಕಟ್ಟಡವು ವಿಮಾನಕ್ಕೆ ತಗುಲದಿದ್ದರೆ ಸಾಕೆಂದು ಭಾವಿಸುವುದುಂಟು. ಆದರೆ ಎತ್ತರದ ನಿರ್ಬಂಧ ಕುರಿತು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2015ರಲ್ಲಿ ಹೊರಡಿಸಿ 2020ರಲ್ಲಿ ತಿದ್ದುಪಡಿ ಮಾಡಿದ ನಿಯಮಗಳು ರೇಡಾರ್ ಹಾಗೂ ಪಥದರ್ಶಕ ಉಪಕರಣಗಳ ರಕ್ಷಣೆಯನ್ನೂ ಒಳಗೊಂಡಿವೆ.

ರನ್‌ವೇಯ ತುದಿಯಾಚೆ ಅಳವಡಿಸುವ ಲೋಕಲೈಸರ್ ಉಪಕರಣವು 108ರಿಂದ 112 ಮೆಗಾಹರ್ಟ್ಸ್ ತರಂಗಗಳ ಮೇಲೆ 90 ಮತ್ತು 150 ಹರ್ಟ್ಸ್‌ನ ಎರಡು ಸಂಕೇತಗಳನ್ನು ಪ್ರಸಾರ ಮಾಡುತ್ತದೆ. ಇವೆರಡೂ ಸಮನಾಗಿರುವ ರೇಖೆಯನ್ನೇ ಇಳಿಯುವ ವಿಮಾನವು ರನ್‌ವೇಯ ಮಧ್ಯರೇಖೆಯೆಂದು ಗ್ರಹಿಸುತ್ತದೆ. ಲೋಹದ ಹೊದಿಕೆಯುಳ್ಳ ವಿಶಾಲ ಗೋಡೆಯಿಂದ ಪ್ರತಿಫಲಿಸಿದ ತರಂಗವು ನೇರ ತರಂಗದೊಡನೆ ಬೆರೆತಲ್ಲಿ ಸದರಿ ರೇಖೆಯೇ ಬಾಗುವ ಸಂಭವವಿದೆ. ರೇಡಾರ್ ವಿಷಯದಲ್ಲಾದರೆ, ಇಲ್ಲದ ದಿಕ್ಕಿನಲ್ಲಿ ವಿಮಾನವೊಂದು ಪರದೆಯ ಮೇಲೆ ಕಾಣಿಸಿಕೊಳ್ಳಬಹುದು.

ಇದು ಕೇವಲ ಶಂಕೆಯಲ್ಲ. 2011ರ ನವೆಂಬರ್ 3ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಸ್ವಯಂಚಾಲಿತವಾಗಿ ಇಳಿಯುತ್ತಿದ್ದ ಬೋಯಿಂಗ್ 777 ವಿಮಾನವು ರನ್‌ವೇ ಬಿಟ್ಟು ಹೊರಸರಿಯಿತು. ಅದೇ ಸಮಯದಲ್ಲಿ ಮೇಲೇರಿದ ಇನ್ನೊಂದು ವಿಮಾನದಿಂದ ಲೋಕಲೈಸರ್ ಸಂಕೇತಕ್ಕೆ ಅಡಚಣೆಯಾದದ್ದು ತನಿಖೆಯಲ್ಲಿ ತಿಳಿದುಬಂದಿತು. ಯಾರಿಗೂ ಗಾಯವಾಗಲಿಲ್ಲ. ಆ ವಿಮಾನವು ಕ್ಷಣಮಾತ್ರದಲ್ಲಿ ದೂರ ಸಾಗಿತು. ಕಟ್ಟಡವಾದರೋ ಹಾಗೆ ಸರಿಯಲಾರದು.

ಆದಕಾರಣ ಅಡಿಪಾಯ ಹಾಕುವ ಮೊದಲೇ ಗಣಕಯಂತ್ರದಲ್ಲಿ ಅನುಕರಣೆ ನಡೆಸುವುದು ಉಚಿತ. ಕಟ್ಟಡದ ಅಳತೆ, ಗೋಡೆಗಳ ದಿಕ್ಕು, ಹೊದಿಕೆಯ ವಸ್ತು ಹಾಗೂ ಉಪಕರಣದಿಂದಿರುವ ದೂರವನ್ನು ನಮೂದಿಸಿ, ವಿಮಾನವು ಇಳಿಯುವ ಮಾರ್ಗದುದ್ದಕ್ಕೂ ಸಂಕೇತವು ಎಷ್ಟು ವ್ಯತ್ಯಯಗೊಳ್ಳುವುದೆಂದು ಲೆಕ್ಕ ಹಾಕಲಾಗುತ್ತದೆ. ಫಲಿತಾಂಶವನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಹತ್ತನೆಯ ಅನುಬಂಧದ ಮಿತಿಗಳೊಡನೆ ಹೋಲಿಸಲಾಗುತ್ತದೆ. ಈ ಲೆಕ್ಕದಲ್ಲಿ ಅರ್ಜಿದಾರರಿಗೆ ಅನುಕೂಲವೂ ಇದೆ: ಗೋಡೆಯನ್ನು ಕೆಲವು ಡಿಗ್ರಿ ತಿರುಗಿಸುವುದರಿಂದ ಅಥವಾ ಹೊದಿಕೆಯನ್ನು ಬದಲಿಸುವುದರಿಂದ, ಮಹಡಿ ಕಡಿಮೆ ಮಾಡದೆಯೂ ದೋಷ ನಿವಾರಣೆಯಾಗುವ ಪ್ರಸಂಗಗಳುಂಟು. ನಕ್ಷೆ ಅಂತಿಮಗೊಂಡು ಕಂಬಗಳೆದ್ದ ಮೇಲೆ ಈ ಅವಕಾಶ ಉಳಿಯುವುದಿಲ್ಲ.

ನಮೂದಿಸಿದ ಮಾಹಿತಿಯೇ ತಪ್ಪಿದ್ದಲ್ಲಿ ಲೆಕ್ಕವೂ ನಿರರ್ಥಕ. ನಿವೇಶನದ ಅಕ್ಷಾಂಶ, ರೇಖಾಂಶ ಮತ್ತು ನೆಲದ ಮಟ್ಟವನ್ನು ಮೋಜಣಿ ಮಾಡಿಸಿಯೇ ಸಲ್ಲಿಸತಕ್ಕದ್ದು. ಪತ್ರದಲ್ಲಿ ನೀಡುವ ಗರಿಷ್ಠ ಮಟ್ಟವು ಸಮುದ್ರಮಟ್ಟದಿಂದ ಅಳೆದದ್ದೆಂಬುದನ್ನೂ ಗಮನಿಸಬೇಕು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವು ಸುಮಾರು 915 ಮೀಟರ್ ಮಟ್ಟದಲ್ಲಿದೆ. ಅದೇ ಮಟ್ಟದ ನಿವೇಶನವೊಂದಕ್ಕೆ 950 ಮೀಟರ್ ಎಂದು ಅನುಮತಿ ದೊರೆತಲ್ಲಿ, ನೀರಿನ ತೊಟ್ಟಿ, ಲಿಫ್ಟ್ ಕೊಠಡಿ ಮತ್ತು ಆಂಟೆನಾ ಸೇರಿ ಕಟ್ಟಡದ ಎತ್ತರ 35 ಮೀಟರ್ ಮೀರುವಂತಿಲ್ಲ.